ಪಡಸಾಲೆಯ ತಪಾಸಣೆ

ಮನಃಶಾಸ್ತ್ರ ಎಂಬ ಮಾತನ್ನು ನಮ್ಮ ಓಣಿಯಲ್ಲಿ ಮೊದಲು ಆಡಿದವನು ನಮ್ಮಣ್ಣನೇ ಇರಬೇಕು. ಪುಣೆಯಲ್ಲಿ ಅದನ್ನೇ ಓದಿ ಎಂ.ಎ. ಮಾಡಿಕೊಂಡು ಬಾಗಲಕೋಟೆಗೆ ಬಂದಿದ್ದ. ಇದು ಎಂಥ ವಿದ್ಯೆ ಎಂದು ಯಾರಿಗೂ ಬಗೆಹರಿಯಲಿಲ್ಲ. ವಕೀಲಿ ಗೊತ್ತು, ಡಾಕ್ಟರಿಕೆ ಗೊತ್ತು, ಜ್ಯೋತಿಷ್ಯವಂತೂ ಮನೆಮನೆಗೂ ಗೊತ್ತು. ಮಗ್ಗಲ ಮನೆಯ ಕಾಕು ಮಾತ್ರ, “ಮಂದಿ ಮನಸಿನಾಗಿಂದು ಓದತಾನಂತ. ನಾ ಅವನ ಎದುರಿಗೆ ಹಾಯೂದಿಲ್ಲವಾ” ಎಂದು ಸೆರಗು ಎಳೆದುಕೊಂಡು ಒಂದು ವಾರ ನಮ್ಮ ಮನೆಗೆ ಬರಲಿಲ್ಲ. ಆಮೇಲೆ ಸಕ್ಕರೆ ತೀರಿದಾಗ ಬಂದಳು.

ಆ ಓಣಿ ಈಗ ಇಲ್ಲ. ಅಣೆಕಟ್ಟಿನ ಹಿನ್ನೀರು ಬಂದು ಹೊಳೆ ಕಡೆಯ ಮನೆಗಳೆಲ್ಲ ಹೋದವು. ನಾನು ನವನಗರದಲ್ಲಿ, ಎಲ್ಲ ಮನೆಗಳೂ ಒಂದೇ ಥರ ಕಾಣುವ ಒಂದು ರಸ್ತೆಯಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ಮನೆ ಮುಳುಗಿದ್ದಕ್ಕೆ ನಾನು ಅಷ್ಟಾಗಿ ಅತ್ತವಳಲ್ಲ. ಆ ಮನೆಯ ಪಡಸಾಲೆಯಲ್ಲಿ ಅಳಬೇಕಾದದ್ದು ಬಹಳ ಮೊದಲೇ ನಡೆದುಹೋಗಿತ್ತು.

ಮನೆಯಲ್ಲಿ ಆಗ ನಾವು ನಾಲ್ವರು. ಅಪ್ಪ ಕನ್ನಡ ಸಾಲೆಗಳ ಹೆಡ್ ಮಾಸ್ತರರಾಗಿ ಹುನಗುಂದ, ಇಳಕಲ್ಲು, ಗುಡೂರು, ಕಲಾದಗಿ ಎಂದು ತಿರುಗಿ, ನಿವೃತ್ತರಾಗಿ ಊರಿಗೆ ಮರಳಿದ್ದರು. ಅಣ್ಣ ಹಿರಿಯವನು. ನಾನು ಹೆಣ್ಣುಮಕ್ಕಳ ಸಾಲೆಯಲ್ಲಿ ಕಲಿಸುತ್ತಿದ್ದೆ. ಎಲ್ಲರಿಗಿಂತ ಚಿಕ್ಕವಳು ತಂಗಿ. ನಾನು ದೊಡ್ಡವಳಾದ ಮೇಲೆ, ಇನ್ನು ಸಾಕು ಎಂದು ಎಲ್ಲರೂ ಅಂದುಕೊಂಡ ಮೇಲೆ ಹುಟ್ಟಿದವಳು. ಅವಳಿಗೆ ಆರು ವರ್ಷವಾದಾಗ ಅವ್ವ ವಿಷಮಜ್ವರದಿಂದ ತೀರಿಕೊಂಡಳು. ಅಂದಿನಿಂದ ತಂಗಿ ಮಾತು ಬಿಟ್ಟಳು.

ಮೂಕಿಯಲ್ಲ. ಅದಕ್ಕೂ ಮೊದಲು ಅವಳ ಬಾಯಿಗೆ ಬಿಡುವೇ ಇರಲಿಲ್ಲ, ಗಿರಣಿಯ ಸದ್ದಾದರೂ ನಿಂತೀತು ಅವಳದು ನಿಲ್ಲುವುದಿಲ್ಲ ಎಂದು ಅವ್ವ ಬೈಯುತ್ತಿದ್ದಳು. ಅವ್ವನನ್ನು ಪಡಸಾಲೆಯಲ್ಲಿ ಮಲಗಿಸಿದ್ದಾಗ ಈ ಕೂಸು ಒಂದೇ ಸಮನೆ ಕರೆಯುತ್ತಿತ್ತು. ಯಾರೋ ಹಿರಿಯರು, “ಸುಮ್ನಿರವಾ, ಅವ್ವ ಮಲಗ್ಯಾಳ, ನಿನ್ನ ದನಿ ಕೇಳಿದ್ರ ಎಚ್ಚರಾಗ್ತಾಳ” ಎಂದರಂತೆ. ಅಂದು ಸುಮ್ಮನಾದವಳು ಸುಮ್ಮನೇ ಉಳಿದಳು ಎಂದು ಅಣ್ಣ ಹೇಳುತ್ತಿದ್ದ. ಖರೆಯೋ ಏನೋ. ಓದಿದವರು ಎಲ್ಲದಕ್ಕೂ ಒಂದು ಕಾರಣ ಹುಡುಕದೆ ಬಿಡುವುದಿಲ್ಲ. ಬಾದಾಮಿಯ ಹತ್ತಿರ ಬನಶಂಕರಿಗೆ ಕರೆದೊಯ್ದೆವು, ತಾಯತ ಕಟ್ಟಿಸಿದೆವು, ಬಂದ ಹೆಂಗಸರೆಲ್ಲ ಅವಳ ಗದ್ದ ಹಿಡಿದು “ಒಂದ ಮಾತಾಡವಾ, ಅಪ್ಪಾ ಅನ್ನು” ಎಂದು ಗೋಗರೆದರು. ಗೋಗರೆದಷ್ಟೂ ಅವಳ ತುಟಿ ಬಿಗಿಯಿತು. ಅಪ್ಪ ಪೇಟ ಸುತ್ತಿಕೊಂಡು ಹೊರಗೆ ಹೋಗಿಬಿಡುತ್ತಿದ್ದರು.

ಅಣ್ಣನಿಗೆ ಕಾಲೇಜಿನ ನೌಕರಿ ಸಿಗುತ್ತಿತ್ತು. ಅದನ್ನು ಬಿಟ್ಟು ಊರಿಗೆ ಬಂದದ್ದು ತಂಗಿಯ ಸಲುವಾಗಿ. ಇಂಥ ಮಕ್ಕಳಿಗಾಗಿಯೇ ಒಂದು ಜಾಗ ಮಾಡಬೇಕು, ಅಲ್ಲಿ ಆಡಬೇಕು, ಮಣ್ಣು ಕಲಸಬೇಕು, ಯಾರೂ ಯಾರನ್ನೂ ಮಾತಾಡು ಎನ್ನಬಾರದು ಎಂಬುದು ಅವನ ಹಂಚಿಕೆ. ಆಗ ನಾವು ಮುಂಬಯಿ ಸರಕಾರಕ್ಕೆ ಸೇರಿದವರು. ಅಲ್ಲಿಗೆ ಅರ್ಜಿ ಹಾಕಿದ. ಅದಕ್ಕೆ ಯಾವ ಖಾತೆಯಲ್ಲೂ ಗ್ರಾಂಟಿಲ್ಲ ಎಂದು ಉತ್ತರ ಬಂತು. ಅವನ ಪುಣೆಯ ಗುರುಗಳು ಒಬ್ಬರು ಲೋಕ ಕಂಡವರು. ಮಕ್ಕಳ ದುಃಖಕ್ಕೆ ಸರಕಾರದಲ್ಲಿ ಹಣವಿಲ್ಲ, ಮಕ್ಕಳ ಬುದ್ಧಿ ಅಳೆಯುವುದಕ್ಕಾದರೆ ಇದೆ, ಅದನ್ನು ಕೇಳು ಎಂದು ಬುದ್ಧಿ ಹೇಳಿದರು. ಯಾವ ಹುಡುಗ ಓದಿಗೆ, ಯಾವನು ಕೈಕೆಲಸಕ್ಕೆ ಎಂದು ವಿಂಗಡಿಸುವ ಹುರುಪು ಆಗ ಸರಕಾರಕ್ಕೆ ಬಂದಿತ್ತಂತೆ. ಅಣ್ಣ ಅರ್ಜಿ ತಿರುಗಿಸಿ ಬರೆದ. ಕನ್ನಡ ಮಕ್ಕಳ ಬುದ್ಧಿಮಾಪನ ಸಂಶೋಧನೆ ಎಂದ ಕೂಡಲೇ ಮಂಜೂರಾಯಿತು.

ಹೀಗೆ ನಮ್ಮ ಪಡಸಾಲೆ ಸರಕಾರಿ ಕೇಂದ್ರವಾಯಿತು. ಮುಂಜಾನೆ ಅಣ್ಣ ಸರಕಾರದ ಕೆಲಸಕ್ಕೆ ಹೋಗುತ್ತಿದ್ದ. ಹುನಗುಂದ, ಇಳಕಲ್ಲು, ಬಾದಾಮಿ ಎಂದು ಸಾಲೆ ಸಾಲೆಗೆ ಹೋಗಿ ಮಕ್ಕಳನ್ನು ಕೂರಿಸಿ ಪ್ರಶ್ನೆ ಕೇಳುವುದು. ಆ ಪ್ರಶ್ನೆಗಳೋ, ಇಂಗ್ಲಿಷಿನಿಂದ ಕನ್ನಡಕ್ಕೆ ಇಳಿದವು. “ನೀ ಹೋಗಬೇಕಾದ ರೈಲು ತಪ್ಪಿದರೆ ಏನು ಮಾಡ್ತಿ?” ಎಂದು ಹುನಗುಂದದಲ್ಲಿ ಒಬ್ಬ ಹುಡುಗನನ್ನು ಕೇಳಿದ. ಆ ಊರಿಗೆ ರೈಲೇ ಇಲ್ಲ. ಅವನು ತಲೆ ಕೆರೆದುಕೊಂಡು, “ನಮ್ಮೂರಾಗ ರೈಲು ಎಲ್ಲಿಂದ ಬಂತ್ರಿ ಸರ?” ಎಂದ. ಪುಸ್ತಕದ ಪ್ರಕಾರ ಆ ಉತ್ತರಕ್ಕೆ ಸೊನ್ನೆ. ಅಣ್ಣ ಮನೆಗೆ ಬಂದು ಅದನ್ನು ಹೇಳಿಕೊಂಡು ನಕ್ಕ, ಅಪ್ಪನೂ ನಕ್ಕರು. ನಕ್ಕಾದ ಮೇಲೆ ಅಣ್ಣ, “ಸೊನ್ನೀ ಯಾರಿಗೆ ಹಾಕಬೇಕೋ ತಿಳೀವಲ್ದು” ಎಂದು ದೀಪದ ಮುಂದೆ ಬಹಳ ಹೊತ್ತು ಕೂತ.

ಮಧ್ಯಾಹ್ನದ ಮೇಲೆ ಅವನ ಸ್ವಂತ ಕೆಲಸ. ಹೊಳೆಯ ಜಿಗಟು ಮಣ್ಣು ಒಂದು ಬುಟ್ಟಿ, ಇಳಕಲ್ಲಿನಿಂದ ತಂದ ಬಣ್ಣದ ನೂಲಿನ ತುಂಡುಗಳು, ಬಡಿಗ ಮಾಡಿಕೊಟ್ಟ ಕಟ್ಟಿಗೆಯ ಚಿಕ್ಕ ಚಿಕ್ಕ ಇಟ್ಟಿಗೆಗಳು. ಐದಾರು ಮಕ್ಕಳು ಬರುತ್ತಿದ್ದರು. ಒಬ್ಬಳು ತನ್ನ ಕೂದಲು ತಾನೇ ಕಿತ್ತುಕೊಳ್ಳುತ್ತಿದ್ದಳು. ಕಲಾದಗಿಯ ಒಬ್ಬ ಹುಡುಗ ಇಲ್ಲಿಯೇ ಸೋದರಮಾವನ ಮನೆಯಲ್ಲಿದ್ದ; ಅವನಿಗೆ ತೊದಲು, ಒಂದು ಮಾತು ಹೊರಗೆ ಬರಬೇಕಾದರೆ ಮುಖವೆಲ್ಲ ಕೆಂಪಾಗುತ್ತಿತ್ತು. ಇವರೆಲ್ಲ ಸಾಲೆಯಲ್ಲಿ ಏಟು ತಿಂದು ಹೊರಗೆ ಬಿದ್ದವರು. ಇವರ ನಡುವೆ ನಮ್ಮ ತಂಗಿ ಮಣ್ಣು ಕಲಸಿಕೊಂಡು ಕೂರುತ್ತಿದ್ದಳು.

ವರ್ಷ ಕಳೆಯಿತು. ಒಂದು ಮಧ್ಯಾಹ್ನ ಅಣ್ಣ ಅಡಿಗೆಮನೆಗೆ ಬಂದು ನನ್ನ ಕೈ ಹಿಡಿದ. ತಂಗಿ ಮಣ್ಣಿನ ರೊಟ್ಟಿ ತಟ್ಟಿ, ಅವನ ಮುಂದೆ ಚಾಚಿ, “ಅಣ್ಣಾ, ತಗೋ” ಎಂದಿದ್ದಳಂತೆ. ನಾನು ಓಡಿಹೋಗಿ ಅವಳನ್ನು ಅಪ್ಪಿಕೊಳ್ಳುವವಳಿದ್ದೆ. ಅಣ್ಣ ಬಿಡಲಿಲ್ಲ. ಏನೂ ಆಗಿಲ್ಲ ಎಂಬಂತೆ ಇರಬೇಕು ಎಂದು ಕಟ್ಟಪ್ಪಣೆ ಮಾಡಿದ. ಏನೂ ಆಗಿಲ್ಲ ಎಂಬಂತೆ ನಾನು ಆ ರಾತ್ರಿ ಹಬ್ಬದ ಗೋಧಿ ಹುಗ್ಗಿ ಮಾಡಿದೆ.

ಆಮೇಲೆ ಪಡಸಾಲೆಯಲ್ಲಿ ಮಾತ್ರ, ಮಣ್ಣಿನ ಮುಂದೆ ಮಾತ್ರ, ಒಂದೊಂದು ಮಾತು ಬರತೊಡಗಿತು. ತೊದಲುವ ಹುಡುಗ “ನೀ… ನೀ…” ಎಂದು ಸಿಕ್ಕಿಕೊಂಡರೆ ಅವಳು “ನೀರು” ಎಂದು ಮುಗಿಸಿಕೊಡುತ್ತಿದ್ದಳು. ಹೀಗೆ ಅರ್ಧ ಮಾತು ಅವನದು, ಅರ್ಧ ಇವಳದು. ಅಪ್ಪನ ಎದುರಿಗೆ ಇನ್ನೂ ಬಾಯಿ ಬಿಟ್ಟಿರಲಿಲ್ಲ. ಅಪ್ಪ ನಡುಮನೆಯ ಕತ್ತಲಲ್ಲಿ ಪಂಚಾಂಗ ಹಿಡಿದುಕೊಂಡು, ಒಂದೇ ಪುಟ ತೆರೆದು ಕೂತು ಕೇಳಿಸಿಕೊಳ್ಳುತ್ತಿದ್ದರು. “ಅಪ್ಪಾ ಅಂತಾಳೇನೋ?” ಎಂದು ಅಣ್ಣನನ್ನು ಕೇಳಿದರೆ ಅವನು, “ಅಂತಾಳ್ರಿ. ಗಡಬಡ ಮಾಡಬ್ಯಾಡ್ರಿ. ಇನ್ನೊಂದು ವರ್ಷ ಹಿಂಗ ನಡೀಲಿ” ಎನ್ನುತ್ತಿದ್ದ. ಅಪ್ಪನಿಗೆ ಬದುಕಿನಲ್ಲಿ ಬೇರೆ ಆಸೆ ಉಳಿದಿರಲಿಲ್ಲ. ಆ ಕೇಂದ್ರ ಇನ್ನೊಂದು ವರ್ಷ ನಡೆಯಬೇಕು, ಅಷ್ಟೇ.

ಅಷ್ಟರಲ್ಲಿ ಏಕೀಕರಣವಾಯಿತು. ಊರೆಲ್ಲ ಹಬ್ಬ ಮಾಡಿತು, ನಾವೂ ತೋರಣ ಕಟ್ಟಿದೆವು, ನನ್ನ ಸಾಲೆಯ ಹುಡುಗಿಯರನ್ನು ಸಾಲು ಹಿಡಿಸಿ ಮೆರವಣಿಗೆಗೆ ನಾನೇ ಕರೆದೊಯ್ದಿದ್ದೆ. ಕನ್ನಡದವರೆಲ್ಲ ಒಂದಾದರು. ಅಣ್ಣನ ಫೈಲು ಮಾತ್ರ ಎರಡಾಯಿತು. ಅರ್ಧ ಮುಂಬಯಿಯಲ್ಲಿ, ಅರ್ಧ ಬೆಂಗಳೂರಿನ ದಾರಿಯಲ್ಲಿ. ಬೆಂಗಳೂರಿನ ಶಿಕ್ಷಣ ಖಾತೆಯವರು, ಅವನ ವರದಿಯಲ್ಲಿ ಮಧ್ಯಾಹ್ನದ ಕೆಲಸದ ಸುದ್ದಿಯನ್ನೂ ಓದಿ, ಮಕ್ಕಳ ಕಾಯಿಲೆ ಕಸಾಲೆ ದವಾಖಾನೆಯವರದು ಎಂದರು. ವೈದ್ಯಕೀಯ ಖಾತೆಯವರು, ಬುದ್ಧಿ ಅಳೆಯುವುದು ಸಾಲೆಯವರ ಕೆಲಸ ಎಂದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಅದು ಬರೀ ಗಾದೆಯಾಗಿ ಉಳಿಯಲಿಲ್ಲ. ಗ್ರಾಂಟು ನಿಂತಿತು; ಮಧ್ಯಾಹ್ನದ ಮಕ್ಕಳು ಮಾತ್ರ ಬರುತ್ತಲೇ ಇದ್ದರು. ಮರುವರ್ಷ ಅಣ್ಣ ತಾನೇ ಹೋಗಿ ಫೈಲು ಹುಡುಕಿ ಬರುತ್ತೇನೆಂದು ಬೆಂಗಳೂರಿಗೆ ರೈಲು ಹತ್ತಿದ.

ಅವನು ಅತ್ತ ಹೋದ, ಇತ್ತ ನಾಲ್ಕೈದು ದಿನಕ್ಕೆ ಮನೆಗೆ ತಾರು ಬಂತು. ಕೇಂದ್ರದ ತಪಾಸಣೆಗೆ ಬೆಂಗಳೂರಿನಿಂದ ಅಧಿಕಾರಿಗಳೊಬ್ಬರು ನಾಳೆ ಬರುತ್ತಾರೆ ಎಂದು. ಅಣ್ಣ ಎಲ್ಲಿ ಇಳಿದುಕೊಂಡಿದ್ದಾನೆಂದು ನಮಗೆ ಗೊತ್ತಿರಲಿಲ್ಲ. ಅಪ್ಪ ತಾರನ್ನು ಎರಡು ಸಲ ಓದಿ, ಮಡಿಸಿ, ಎದ್ದು ನಿಂತರು. ಎಷ್ಟೋ ವರ್ಷಗಳ ಮೇಲೆ ಅವರ ಬೆನ್ನು ನೆಟ್ಟಗಾದದ್ದನ್ನು ನಾನು ಅಂದು ಕಂಡೆ. ತಪಾಸಣೆ ಎಂಬುದು ಅವರಿಗೆ ಗೊತ್ತಿದ್ದ ಕೆಲಸ.

ಗೊತ್ತಿಲ್ಲದವರಿಗೆ ಹೇಳಬೇಕು. ಆಗಿನ ಸಾಲೆಗಳಲ್ಲಿ ದಿಪೋಟಿ ಸಾಹೇಬರ, ಅಂದರೆ ಸಾಲೆಗಳ ಇನ್ಸ್‌ಪೆಕ್ಟರರ, ತಪಾಸಣೆ ಎಂದರೆ ಒಂದು ಲಗ್ನ. ನೆಲ ಸಾರಿಸಬೇಕು, ರಂಗೋಲಿ ಹಾಕಬೇಕು, ಸ್ವಾಗತದ ಹಾಡು ಕಲಿಸಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು, ದಡ್ಡ ಹುಡುಗರನ್ನು ಹಿಂದಿನ ದಿನವೇ ಕರೆದು, “ನಾಳೆ ನಿನಗ ಜ್ವರ ಬರತಾವ, ನೀ ಸಾಲಿಗೆ ಬರಬ್ಯಾಡ” ಎಂದು ಹೇಳಿ ಕಳಿಸುವುದು. ಅವರ ಜಾಗಕ್ಕೆ ಮಗ್ಗಲ ಊರಿನ ಜಾಣ ಹುಡುಗರನ್ನು ಕಡ ತರುವುದು. ಗುಡೂರಿನ ಒಬ್ಬ ಹುಡುಗ ಒಂದೇ ವಾರದಲ್ಲಿ ಮೂರು ಸಾಲೆಗಳಲ್ಲಿ ಮಗ್ಗಿ ಒಪ್ಪಿಸಿದ್ದನ್ನು ಅಪ್ಪ ಹೆಮ್ಮೆಯಿಂದ ಹೇಳುತ್ತಿದ್ದರು. ಸಾಹೇಬರಿಗೂ ಇದು ಗೊತ್ತು. ಗೊತ್ತಿದ್ದೂ ಉಪ್ಪಿಟ್ಟು ತಿಂದು, ತಪಾಸಣೆಯ ಪುಸ್ತಕದಲ್ಲಿ ಒಳ್ಳೆಯ ಶೇರಾ ಬರೆದು ಹೋಗುತ್ತಿದ್ದರು. ಸಾಹೇಬರು ಒಳ್ಳೆಯದನ್ನು ಕಂಡರೆ ಸಾಲೆ ಉಳಿಯುತ್ತದೆ, ಕೆಟ್ಟದ್ದನ್ನು ಕಂಡರೆ ಮಾಸ್ತರರ ಕುತ್ತಿಗೆಗೆ ಬರುತ್ತದೆ. ಸೇವೆಯುದ್ದಕ್ಕೂ ಅಪ್ಪ ಕಲಿತ ಸರಕಾರ ಇಷ್ಟೇ.

“ಅಪ್ಪಾ, ಇದು ಸಾಲಿ ಅಲ್ಲ. ಅಣ್ಣ ಬರಲಿ” ಎಂದೆ.

“ಅಣ್ಣ ಬರೂ ತನಕ ಸಾಹೇಬ ಸ್ಟೇಶನ್ನಿನಾಗ ನಿಂತಿರ್ತಾನೇನು? ನೀ ಉಪ್ಪಿಟ್ಟಿನ ಕಡೆ ನೋಡು. ಇದು ನನಗ ತಿಳೀತದ.”

ಸಂಜೆಯೊಳಗೆ ಮಣ್ಣಿನ ಬುಟ್ಟಿ ಹಿತ್ತಲಿಗೆ ಹೋಯಿತು. ಅಪ್ಪ ತಾವೇ ನಿಂತು ಪಡಸಾಲೆಯನ್ನು ಸಾರಣೆ ಮಾಡಿಸಿದರು. ಓಣಿಯಲ್ಲಿ ತಿರುಗಾಡಿ ಎಣ್ಣೆ ಹಚ್ಚಿ ಬೈತಲೆ ತೆಗೆದ, ಪಟಪಟ ಮಾತಾಡುವ ಎಂಟು ಹತ್ತು ಮಕ್ಕಳನ್ನು ಗೊತ್ತು ಮಾಡಿ ಬಂದರು. ಕೇಂದ್ರದ ಮಕ್ಕಳ ಮನೆಗಳಿಗೂ ಹೋಗಿ ನಾಳೆ ಕಳಿಸಬೇಡಿರಿ ಎಂದರು. ಮರುದಿನ ಬೆಳಿಗ್ಗೆ ತಂಗಿಗೆ ಹೊಸ ಪರಕಾರ ಉಡಿಸಿ, ನಾನು ಜಡೆ ಹಾಕಿದೆ. ಅವಳು ದಿನದಂತೆ ಪಡಸಾಲೆಯಲ್ಲಿ ತನ್ನ ಜಾಗದಲ್ಲಿ ಹೋಗಿ ಕುಳಿತಳು. ಅಪ್ಪ ಅವಳ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಬಹಳ ಮೆತ್ತಗೆ, “ತಂಗೀ, ಇವತ್ತೊಂದ ದಿನ ಕಾಕು ಮನ್ಯಾಗ ಇರು. ಸಾಹೇಬರು ಹೋದ ಮ್ಯಾಲೆ ಕರೀತೇನಿ” ಎಂದರು. ಅವಳು ಅಪ್ಪನ ಮುಖ ನೋಡಿದಳು, ಎದ್ದಳು, ಹಿತ್ತಲ ಬಾಗಿಲಿನಿಂದ ಹೋದಳು.

ಬಂದವರು ಮೈಸೂರು ಕಡೆಯವರು, ಇನ್ನೂ ಸಣ್ಣ ವಯಸ್ಸು, ಬಹಳ ಸೌಮ್ಯ. ಚಪ್ಪಲಿಯನ್ನು ಹೊರಗೇ ಬಿಟ್ಟು ಕೈ ಮುಗಿದು ಒಳಗೆ ಬಂದರು. ನಾನು ಇಂದಿಗೂ ಅವರನ್ನು ಬೈಯಲಾರೆ. ಮಕ್ಕಳು ಹಾಡಿದರು. ಅಪ್ಪ ಕೇಳಿದ ಲೆಕ್ಕಕ್ಕೆ ನಾ ಮುಂದೆ ತಾ ಮುಂದೆ ಎಂದು ಉತ್ತರ ಹೇಳಿದರು. ಸಾಹೇಬರು ತಲೆದೂಗುತ್ತ ಕೂತಿದ್ದು, ಆಮೇಲೆ ಕೇಳಿದರು:

“ತುಂಬಾ ಚೆನ್ನಾಗಿದೆ ಮೇಷ್ಟ್ರೇ. ನಿಮ್ಮ ಮಗ ಕಳಿಸಿದ ವರದಿ ಓದಿದ್ದೀನಿ. ಅದರಲ್ಲಿ ಮಾತು ಬಿಟ್ಟಿರೋ ಒಂದು ಹೆಣ್ಣುಮಗು ವಿಷಯ ಬರೆದಿದ್ರು. ಅದಕ್ಕಾಗಿಯೇ ಇಷ್ಟು ದೂರ ಬಂದೆ. ಆ ಮಗೂನ ನೋಡಬಹುದಾ?”

ನಾನು ಅಡಿಗೆಮನೆಯಲ್ಲಿ ತಟ್ಟೆಗೆ ಉಪ್ಪಿಟ್ಟು ಬಡಿಸುತ್ತಿದ್ದೆ. ಕೈ ನಿಂತಿತು. ಈಗ ಅಪ್ಪ ಹೇಳುತ್ತಾರೆ, ಕರೆಯುತ್ತೇನೆ ಕೂಡ್ರಿ ಎನ್ನುತ್ತಾರೆ ಎಂದುಕೊಂಡೆ. ಅಪ್ಪನ ಹೆಡ್ ಮಾಸ್ತರ ದನಿ ಕೇಳಿಸಿತು.

“ಅಕಿ ಈಗ ಪೂರಾ ಆರಾಮ ಆಗ್ಯಾಳ್ರಿ ಸಾಹೇಬ್ರ. ನಿಮ್ಮ ಸರಕಾರದ ಪುಣ್ಯಾ. ಇಕಿನ ನೋಡ್ರಿ. ಇಕಿನ ನನ್ನ ಮಗಳು. ಏಳವಾ, ಸಾಹೇಬರಿಗೆ ಒಂದು ಪದಾ ಅಂದು ತೋರಿಸು.”

ಅಪ್ಪ ಗೊತ್ತು ಮಾಡಿ ತಂದಿದ್ದ ಮಕ್ಕಳಲ್ಲಿ ಒಬ್ಬಳು, ಓಣಿಯ ಅಂಗಡಿಯವರ ಮಗಳು, ಎದ್ದು ನಿಂತು, ಕೈ ಕಟ್ಟಿಕೊಂಡು, ಗಂಟೆ ಬಾರಿಸಿದ ಹಾಗೆ ಪದ್ಯ ಹೇಳಿದಳು. ಸಾಹೇಬರು ಸಂತೋಷದಿಂದ ಚಪ್ಪಾಳೆ ತಟ್ಟಿದರು. ನಾನು ತಟ್ಟೆ ಎತ್ತಿಕೊಂಡು ತಿರುಗಿದೆ. ನಡುಮನೆಯ ಬಾಗಿಲ ಹಿಂದೆ ತಂಗಿ ನಿಂತಿದ್ದಳು. ಕಾಕುವಿನ ಕಣ್ಣು ತಪ್ಪಿಸಿ ಬಂದಿದ್ದಳು. ಬಾಗಿಲ ಸಂದಿಯಿಂದ ಪಡಸಾಲೆ ಪೂರಾ ಕಾಣುತ್ತಿತ್ತು. ಅವಳು ಅಳಲಿಲ್ಲ. ನನ್ನನ್ನು ನೋಡಿದವಳೇ ತಾನಾಗಿ ತಿರುಗಿ, ಸದ್ದಾಗದಂತೆ ಹೆಜ್ಜೆ ಇಟ್ಟು, ಮತ್ತೆ ಕಾಕುವಿನ ಮನೆಗೆ ಹೋದಳು.

ಅಣ್ಣ ಬಂದ ಮೇಲೆ ಅಪ್ಪ ಹುರುಪಿನಿಂದ ಎಲ್ಲ ಹೇಳಿದರು. ಹೇಳುತ್ತ ಹೇಳುತ್ತ ಅಣ್ಣನ ಮುಖ ನೋಡಿ ಅವರ ದನಿ ಇಳಿಯಿತು.

“ಸಾಹೇಬ ಭಾಳ ಖುಷಿ ಆಗಿ ಹೋದನೋ. ನಿನ್ನ ಕೇಂದ್ರ ಉಳೀಲಿ ಅಂತ ಮಾಡಿದೆ.”

“ಅಪ್ಪಾ, ರೋಗ ಇದ್ದಲ್ಲಿ ದವಾಖಾನಿ ಕೊಡ್ತಾರ್ರಿ. ನೀವು ರೋಗನ ಇಲ್ಲ ಅಂದ್ರಿ” ಎಂದ ಅಣ್ಣ. ಸಿಟ್ಟಿನಿಂದಲ್ಲ. ಸಿಟ್ಟಿನಿಂದ ಅಂದಿದ್ದರೆ ಅಪ್ಪ ತಡೆದುಕೊಳ್ಳುತ್ತಿದ್ದರು. ಬೆಂಗಳೂರಿನಲ್ಲಿ ಅವನಿಗೆ ಫೈಲು ಸಿಕ್ಕಿತ್ತಂತೆ. ಒಬ್ಬ ಅಧಿಕಾರಿ ಹೋಗಿ ಕಣ್ಣಾರೆ ಕಂಡು ಬಂದು ಬರೆದರೆ ಮುಂದುವರಿಸೋಣ ಎಂಬಲ್ಲಿಗೆ ತಂದು ನಿಲ್ಲಿಸಿಯೂ ಬಂದಿದ್ದ; ಅಧಿಕಾರಿ ಅಷ್ಟು ಬೇಗ ಹೊರಡುತ್ತಾರೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಆ ಅಧಿಕಾರಿ ಕಣ್ಣಾರೆ ಕಂಡದ್ದನ್ನೇ ಬರೆದರು. ಮಕ್ಕಳು ಚುರುಕಾಗಿದ್ದಾರೆ, ಮಾತು ಬಿಟ್ಟವಳಿಗೆ ಮಾತು ಬಂದಿದೆ, ಕೇಂದ್ರದ ಉದ್ದೇಶ ಈಡೇರಿದೆ, ಇನ್ನು ಅದರ ಅಗತ್ಯವಿಲ್ಲ. ಇಷ್ಟು ಹೊಗಳಿಸಿಕೊಂಡು ಮುಚ್ಚಿದ ಕೇಂದ್ರ ಆ ಸರಕಾರದಲ್ಲಿ ಇನ್ನೊಂದು ಇರಲಿಕ್ಕಿಲ್ಲ.

ಖರೆ ಸಂಗತಿ ಬರೆದು ತಿಳಿಸು ಎಂದು ನಾನು ಅಣ್ಣನಿಗೆ ಹೇಳಿದೆ. ಅವನು ಬರೆಯಲಿಲ್ಲ. ಬರೆದರೆ ಅಪ್ಪ ಸುಳ್ಳುಗಾರರಾಗುತ್ತಿದ್ದರು. ಅವರ ಪಿಂಚಣಿಗೂ ಏನಾಗುತ್ತಿತ್ತೋ. ಗ್ರಾಂಟಿಲ್ಲದಿದ್ದರೂ ನಡೆಸುತ್ತೇನೆ ಎಂದು ಮಣ್ಣಿನ ಬುಟ್ಟಿಯನ್ನು ಮತ್ತೆ ಒಳಗೆ ತಂದ. ಉಳಿದ ಮಕ್ಕಳು ಬಂದರು. ತಂಗಿ ಬರಲಿಲ್ಲ. ಕಲಾದಗಿಯ ಹುಡುಗ ನಡುಮನೆಯ ಹೊಸ್ತಿಲ ಮೇಲೆ ನಿಂತು “ಬಾ… ಬಾ…” ಎಂದು ಮುಖ ಕೆಂಪಗೆ ಮಾಡಿಕೊಂಡು ಕರೆದ. ಅವಳು ಬೀಸುವ ಕಲ್ಲಿನ ಹತ್ತಿರ ಗೋಡೆಗೆ ಮುಖ ಮಾಡಿ ಕೂತಿದ್ದಳು. ಆ ಮಾತನ್ನು ಯಾರೂ ಮುಗಿಸಿಕೊಡಲಿಲ್ಲ.

ಮಳೆಗಾಲದೊಳಗೆ ಮಕ್ಕಳು ಒಬ್ಬೊಬ್ಬರೇ ನಿಂತರು. ಅಣ್ಣನಿಗೆ ಸರಕಾರದಲ್ಲೇ ನೌಕರಿ ಸಿಕ್ಕಿತು; ನೌಕರಿಗೆ ಅರ್ಜಿ ಹಾಕಿದವರಿಗೆ ಬುದ್ಧಿಪರೀಕ್ಷೆ ಕೊಟ್ಟು ಆರಿಸುವ ಕಚೇರಿಯಲ್ಲಿ, ದೂರದ ಊರಲ್ಲಿ. ಜನರನ್ನು ಜರಡಿ ಹಿಡಿಯುವ ಮನಃಶಾಸ್ತ್ರಕ್ಕೆ ಹಣ ಯಾವತ್ತೂ ಇತ್ತು. ಹೋಗುವ ದಿನ ತಂಗಿಯ ತಲೆ ಸವರಿ, ಅಳುತ್ತಲೇ ಟಾಂಗಾ ಹತ್ತಿದ. ಅಷ್ಟು ಓದಿದವನು ಹಾಗೆ ಅತ್ತದ್ದನ್ನು ನಾನು ಎಂದೂ ಕಂಡಿರಲಿಲ್ಲ.

ಆಮೇಲೆ ತಂಗಿಗೆ ಒಂದು ರೂಢಿ ಬಿತ್ತು. ಮನೆಗೆ ಯಾರೇ ಬರಲಿ, ಅಂಚೆಯವನೇ ಆಗಲಿ, ಹಾಲಿನವಳೇ ಆಗಲಿ, ಯಾರೂ ಹೇಳದೆ ತಾನೇ ಎದ್ದು ಹಿತ್ತಲಿಗೆ ಹೋಗಿಬಿಡುವಳು. ಬಂದವರು ಹೋದ ಸದ್ದಾದ ಮೇಲೆ ಒಳಗೆ ಬರುವಳು. ಅಪ್ಪನಿಗೆ ಇದು ತಿಳಿಯಲು ಕೆಲವು ದಿನ ಬೇಕಾದವು. ತಿಳಿದ ದಿನ ಅವರು ಊಟ ಮಾಡಲಿಲ್ಲ. ಅಂದಿನಿಂದ ಯಾರು ಬಂದರೂ ಅಪ್ಪ ಹಿತ್ತಲಿಗೆ ಓಡಿ, ಅವಳ ಕೈ ಹಿಡಿದು ಎಳೆದು ತಂದು, “ಇಕಿ ನನ್ನ ಮಗಳು, ನೋಡ್ರಿ, ಇಕಿನ ನನ್ನ ಮಗಳು” ಎಂದು ಹೇಳತೊಡಗಿದರು. ಹುಟ್ಟಿದಾಗಿನಿಂದ ಅವಳನ್ನು ಬಲ್ಲ ಓಣಿಯ ಜನ ಮುಖ ಮುಖ ನೋಡಿಕೊಳ್ಳುತ್ತಿದ್ದರು. ಮಾಸ್ತರರಿಗೆ ಅರುಳು ಮರುಳು ಎಂದರು. ಅವಳು ಮೆಲ್ಲಗೆ ಕೈ ಬಿಡಿಸಿಕೊಂಡು ಹಿಂದಕ್ಕೆ ಹೋಗುತ್ತಿದ್ದಳು.

ಎರಡು ಬೇಸಿಗೆ ಕಳೆಯುವುದರೊಳಗೆ ಅಪ್ಪ ಹೋದರು. ಪಡಸಾಲೆಯಲ್ಲಿ ಮಲಗಿಸಿದ್ದೆವು. ಅವರ ಕೈಯಲ್ಲಿ ಕಲಿತವರು ಹುನಗುಂದದಿಂದ, ಇಳಕಲ್ಲಿನಿಂದ ಬಂದು ಮನೆ ತುಂಬಿತ್ತು. ಅಣ್ಣನೂ ರಾತ್ರಿಯ ಗಾಡಿಗೆ ಬಂದಿದ್ದ. ತಂಗಿ ಹಿತ್ತಲಲ್ಲಿ ಗೋಡೆಗೆ ಒರಗಿ ನಿಂತಿದ್ದಳು. “ಬಾರವಾ, ಅಪ್ಪನ್ನ ಒಯ್ಯತಾರ, ಒಮ್ಮೆ ನೋಡು” ಎಂದು ಕರೆತಂದೆ. ನಡುಮನೆಯ ತನಕ ಬಂದಳು. ಜನರನ್ನು ಕಂಡು ಮತ್ತೆ ಹೊರಳಿದಳು.

ಆಗ ಅಣ್ಣ ಪಡಸಾಲೆಗೆ ಹೋಗಿ ಕೈ ಮುಗಿದು, “ಎಲ್ಲಾರೂ ಸ್ವಲ್ಪ ಹೊತ್ತು ಹೊರಗ ನಿಂದರ್ರಿ. ಒಬ್ಬರು ನೋಡೋದದ” ಎಂದ. ಯಾರೂ ಯಾಕೆ ಎಂದು ಕೇಳಲಿಲ್ಲ. ಅಷ್ಟೂ ಜನ, ಮುದುಕರು ಕೂಡ, ಬಿಸಿಲಿಗೆ ಹೋಗಿ ನಿಂತರು. ಬಾಗಿಲು ಮುಂದಕ್ಕೆ ಎಳೆದೆವು. ತಂಗಿ ಒಳಗಿನಿಂದ ಬಂದು ಅಪ್ಪನ ಮಗ್ಗಲಲ್ಲಿ ಕುಳಿತಳು. ಕಾಲು ಮುಟ್ಟಿದಳು. ಮುಖದ ಹತ್ತಿರ ಬಾಗಿದಳು. ಅವಳ ತುಟಿ ಅಲುಗಿದಂತೆ ನನಗೆ ಕಂಡಿತು. ಅಣ್ಣನಿಗೆ ಹಾಗೆ ಕಾಣಲಿಲ್ಲವಂತೆ. ದನಿಯಂತೂ ಬರಲಿಲ್ಲ. ಬಹಳ ಹೊತ್ತು ಹಾಗೇ ಕೂತಿದ್ದು, ಎದ್ದು, ಕಣ್ಣೊರೆಸಿಕೊಂಡು, ಹೊರಗೆ ಬಿಸಿಲಲ್ಲಿ ನಿಂತವರು ಒಳಗೆ ಬರಲೆಂದು ತಾನೇ ಬಾಗಿಲು ತೆರೆದಿಟ್ಟು, ಹಿತ್ತಲಿಗೆ ಹೋದಳು.